ಚಿಲಕವಿರುವ ಕೋಣೆ

ಬಚ್ಚಲನ್ನು ಬಿಟ್ಟರೆ ಅಕ್ಕನ ಮನೆಯಲ್ಲಿ ಚಿಲಕವಿರುವ ಕೋಣೆ ಒಂದೇ. ನನ್ನ ಗಂಡ ತೀರಿಹೋದ ಮೇಲೆ ನಾನು ಸೂಟ್‌ಕೇಸು ಹಿಡಿದು ಇಲ್ಲಿಗೆ ಬಂದ ದಿನ ಆ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಅಕ್ಕ ಬೀರುವಿನ ಒಂದು ಅರೆ ಖಾಲಿ ಮಾಡಿದಳು. ಭಾವ ತಮ್ಮ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಹಾಲ್‌ಗೆ ನಡೆದರು.

ಹಾಲ್‌ನಲ್ಲಿ ಕಿಟಕಿಯ ಪಕ್ಕ ಅತ್ತೆಯ ಮಂಚ. ಅತ್ತೆ ಅಂದರೆ ಅಕ್ಕನ ಅತ್ತೆ, ಭಾವನ ತಾಯಿ. ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಅವರ ಮಂಚದ ಪಕ್ಕ ನೆಲದ ಮೇಲೆ ದೊಡ್ಡ ಹಾಸಿಗೆ ಬಿತ್ತು. ಒಂದು ಅಂಚಿಗೆ ಅಕ್ಕ, ಇನ್ನೊಂದು ಅಂಚಿಗೆ ಭಾವ, ನಡುವೆ ಅವರ ಮಗಳು ಗುಬ್ಬಿ. ಗುಬ್ಬಿಗೆ ಇನ್ನೂ ಶಾಲೆಗೆ ಸೇರುವ ವಯಸ್ಸಾಗಿಲ್ಲ. ಅಪ್ಪನ ಹೊಟ್ಟೆಯ ಮೇಲೆ ಕಾಲು ಹಾಕದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

"ಅಳಬೇಕು ಅನಿಸಿದಾಗ ಮುಚ್ಕೊಳ್ಳೋಕೆ ಒಂದು ಬಾಗಿಲು ಬೇಕಲ್ಲ ಅತ್ತೆ," ಅಂತ ಅಕ್ಕ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಆವತ್ತು ನನಗೆ ಕೇಳಿಸಿತ್ತು.

ನಾನು ಅಳಲಿಲ್ಲ. ಅಕ್ಕ ಭಾವನ ಮಂಚದ ಮೇಲೆ ಅಂಗಾತ ಮಲಗಿ ಫ್ಯಾನು ತಿರುಗುವುದನ್ನು ನೋಡುತ್ತಿದ್ದೆ. ಚಿಲಕ ಹಾಕುವುದೇ ಒಂದು ಸಾಹಸ. ಬಾಗಿಲನ್ನು ಹೆಗಲಿಂದ ಸ್ವಲ್ಪ ಎತ್ತಿ ಹಿಡಿದು ಎಳೆಯಬೇಕು. ಎಳೆದರೆ ಬಾಲ ತುಳಿದ ಬೆಕ್ಕಿನ ಹಾಗೆ ಕಿರುಚುತ್ತದೆ. ಭಾವ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವರ ಕೈಯ ಎಣ್ಣೆ ಕುಡಿದೇ ಓಡುತ್ತವೆ. ಮನೆಯ ಚಿಲಕಕ್ಕೆ ಮಾತ್ರ ಯಾವಾಗಲೂ ಮುಂದಿನ ಭಾನುವಾರ. ನಾವಿರುವ ಕಟ್ಟಡಕ್ಕೆ ಲಿಫ್ಟೇ ಇಲ್ಲ, ಮೂರು ಮಹಡಿ ಹತ್ತಬೇಕು.

ಅಕ್ಕನಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ಬಂದವರ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಾಳೆ. ಬೆಳಕಾಗುವ ಮುಂಚೆ ಹೊರಡುತ್ತಾಳೆ. ಭಾವನ ಫೋನು ಯಾವ ಹೊತ್ತಿಗಾದರೂ ಬಡಿದುಕೊಳ್ಳುತ್ತದೆ, ಯಾರೋ ಎಲ್ಲೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ನನ್ನದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ. ಉಳಿದರ್ಧ ದಿನ ಗುಬ್ಬಿಯನ್ನು ನೋಡಿಕೊಳ್ಳುತ್ತೇನೆ, ಅಥವಾ ಗುಬ್ಬಿ ನನ್ನನ್ನು.

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಇಲ್ಲಿಗೆ ಬಂದು ಹೋಗುತ್ತಿದ್ದೆವು. ಆಗಲೂ ಅಕ್ಕ ಭಾವ ಜಗಳವಾಡುತ್ತಿದ್ದರು. ಆದರೆ ಆ ಜಗಳಕ್ಕೆ ಬೆಳಗಾಗುವಷ್ಟರಲ್ಲಿ ಆಯಸ್ಸು ತೀರುತ್ತಿತ್ತು. ಈಗ ನಿನ್ನೆಯ ಜಗಳ ಇವತ್ತಿನದರ ಕೈ ಹಿಡಿದುಕೊಂಡು ಬರುತ್ತಿತ್ತು.

"ಒದ್ದೆ ಟವೆಲ್ಲು ಕುರ್ಚಿ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ರೀ?"

"ಇನ್ನೆಲ್ಲಿ ಹಾಕ್ಲಿ? ನನ್ನ ತಲೆ ಮೇಲಾ?"

"ಹಾಕ್ಕೊಳ್ಳಿ. ಅದಾದ್ರೂ ತಣ್ಣಗಾಗ್ಲಿ."

"ನನ್ನ ಮೇಲೆ ಹಾಕ್ರಪ್ಪಾ," ಮಂಚದಿಂದ ಅತ್ತೆ. "ಹೇಗೂ ಮೂಲೇಲಿ ಬಿದ್ದಿರೋ ಸಾಮಾನು."

ಯಾರೂ ನಗಲಿಲ್ಲ. ಮುಂಚೆ ಆಗಿದ್ದರೆ ನಗುತ್ತಿದ್ದರು.

ಅಕ್ಕನಿಗೆ ತಲೆನೋವು ಶುರುವಾಯಿತು. ನಿದ್ದೆ ಬರುವುದಿಲ್ಲ, ಬಂದರೆ ಏಳಲಾಗುವುದಿಲ್ಲ. ಲ್ಯಾಬಿನಲ್ಲಿ ಒಂದು ದಿನ ಮುದುಕರೊಬ್ಬರಿಗೆ ಸೂಜಿ ಚುಚ್ಚುವಾಗ ಕೈ ನಡುಗಿತಂತೆ. ಹೆದರಿ ಡಾಕ್ಟರ ಬಳಿ ಹೊರಟಳು. ಜೊತೆಗೆ ನಾನು.

ಡಾಕ್ಟರು ನಡುವಯಸ್ಸಿನ ಹೆಂಗಸು. ಬಿಪಿ ನೋಡಿದರು, ಕಣ್ಣು ನೋಡಿದರು, ಊಟ ನಿದ್ದೆ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಮನೇಲಿ? ಗಂಡ ಹೆಂಡತಿ ನಡುವೆ ಎಲ್ಲಾ ಸರಿಯಾಗಿದೆಯಾ?"

ಅಕ್ಕ ನನ್ನ ಕಡೆ ನೋಡಿದಳು.

"ನೀವು ಸ್ವಲ್ಪ ಹೊರಗಿರ್ತೀರಾ?" ಡಾಕ್ಟರು ನನಗೆ ಹೇಳಿದರು.

ನಾನು ಎದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಇರ್ಲಿ ಡಾಕ್ಟ್ರೇ, ನನ್ನ ತಂಗಿ." ಆಮೇಲೆ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡುತ್ತ, "ಎಲ್ಲಾ ಸರಿಯಾಗೇ ಇದೆ," ಅಂದಳು.

ನಿದ್ದೆಗೆ ಮಾತ್ರೆ ಬರೆದುಕೊಟ್ಟರು.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಅಕ್ಕ ಮಾತ್ರೆಯ ಪೊಟ್ಟಣವನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ನಮ್ಮ ಬಸ್ಸು ಬಂತು, ಹೋಯಿತು. ಅವಳು ಏಳಲಿಲ್ಲ.

"ಅವರಿಗೆ ನಾನು ಬೇಡ ಆಗಿದೀನಿ ಕಣೆ."

"ಯಾರು ಹೇಳಿದ್ರು?"

"ಹೇಳ್ಬೇಕಾ? ಒಂದು ದಿನ ಗುಬ್ಬಿ ನಿದ್ದೆ ಮಾಡಿದ ಮೇಲೆ ಕೈ ಚಾಚಿದೆ. 'ಅಮ್ಮ ಎಚ್ಚರ ಇದ್ದಾಳೆ' ಅಂತ ನನ್ನ ಕೈ ತೆಗೆದು ಈ ಕಡೆ ಇಟ್ರು. ಟೀವಿ ರಿಮೋಟು ತೆಗೆದಿಡ್ತಾರಲ್ಲ, ಹಾಗೆ. ಆಮೇಲೆ ನಾನು ಚಾಚಲಿಲ್ಲ. ಅವರೂ ಕೇಳಲಿಲ್ಲ." ಪೊಟ್ಟಣವನ್ನು ಬ್ಯಾಗಿಗೆ ತುರುಕಿ, "ಬೇಕು ಅನ್ನೋರಿಗೆ ಒಂದು ದಾರಿ ಕಾಣ್ಸಲ್ವಾ? ಈಗ ಮೈಗೆ ಮೈ ತಗುಲಿದ್ರೂ ಸಾರಿ ಅಂತಾರೆ. ಬಸ್ಸಲ್ಲಿ ಯಾರಿಗೋ ಅಂದ ಹಾಗೆ." ಥಟ್ಟನೆ ನನ್ನ ಮುಖ ನೋಡಿದಳು. "ಅಯ್ಯೋ, ನಿನ್ನ ಮುಂದೆ ಇದನ್ನೆಲ್ಲ ಹೇಳ್ತಿದೀನಲ್ಲ. ನನಗೆ ಬುದ್ಧಿ ಎಲ್ಲಿದೆ."

"ಹೇಳು. ನನಗೇನೂ ಆಗಲ್ಲ."

ಅದು ನಿಜ. ನನಗೇನೂ ಆಗುತ್ತಿರಲಿಲ್ಲ. ಆದರೆ ಅಷ್ಟು ದಿನ ಬರೀ ಫ್ಯಾನು ನೋಡಿದ್ದ ನನಗೆ ಆ ಬೆಂಚಿನ ಮೇಲೆ ಕೂತು ಮೊದಲ ಸಲ ಮಂಚ ಕಂಡಿತು. ಅದು ಅವರದು. ಬಾಗಿಲೂ ಅವರದು. ವಾಪಸು ಕೊಡು ಅಂತ ಅವರು ಕೇಳುವ ಹಾಗಿಲ್ಲ. ಕೇಳಿದರೆ ಅದು ಯಾತಕ್ಕೆ ಬೇಕು ಅಂತ ಹೇಳಿದ ಹಾಗಾಗುತ್ತದೆ. ಅದೂ ಗಂಡ ಸತ್ತವಳ ಮುಂದೆ.

ನನ್ನ ಗಂಡ ಮತ್ತು ನಾನಿದ್ದ ಮನೆಯಲ್ಲಿ ನಾವಿಬ್ಬರೇ. ಎಲ್ಲ ಬಾಗಿಲೂ ನಮ್ಮದೇ. ಆದರೂ ಎಷ್ಟೋ ದಿನ ಬೆನ್ನಿಗೆ ಬೆನ್ನು ಮಾಡಿ ನಮ್ಮ ನಮ್ಮ ಫೋನು ನೋಡುತ್ತ ನಿದ್ದೆ ಹೋಗಿದ್ದೇವೆ. ಸುಸ್ತು. ನಾಳೆ ಇದ್ದೇ ಇದೆಯಲ್ಲ ಅಂತ. ಕೆಲವು ದಿನ ಹಾಗಲ್ಲ. ಅಂಥ ದಿನಗಳ ಮರುಬೆಳಿಗ್ಗೆ ಅವನು ಚಹಾ ಮಾಡುತ್ತ ಶಿಳ್ಳೆ ಹಾಕುತ್ತಿದ್ದ. ರಾಗವಿಲ್ಲ, ತಾಳವಿಲ್ಲ, ಕುಕ್ಕರಿಗೆ ಪೈಪೋಟಿ ಕೊಡುವ ಶಿಳ್ಳೆ. ಆವತ್ತು ಆಫೀಸಿನಲ್ಲಿ ಯಾರು ಬೈದರೂ ಅವನಿಗೆ ತಾಗುತ್ತಿರಲಿಲ್ಲ. ಆವತ್ತು ಅವನ ತಾಯಿಯ ಫೋನು ಬಂದರೆ ನಾನು ಸಮಾಧಾನದಿಂದ ಮಾತಾಡುತ್ತಿದ್ದೆ. ಗ್ರಂಥಾಲಯದ ಪುಸ್ತಕಗಳಲ್ಲಿ ಇದಕ್ಕೆ ಉದ್ದುದ್ದ ಹೆಸರುಗಳಿವೆ. ನಮ್ಮ ಮನೆಯಲ್ಲಿ ಅದು ಚಹಾ, ಶಿಳ್ಳೆ.

ಆ ವಾರವೇ ಊಟಕ್ಕೆ ಕೂತಾಗ ಭಾವ ತಟ್ಟೆಯನ್ನು ನೋಡುತ್ತ ಹೇಳಿದರು, "ಕಂಪನಿಯೋರು ಬೇರೆ ಊರಿಗೆ ಹೋಗ್ತೀಯಾ ಅಂತ ಕೇಳ್ತಿದಾರೆ. ಹೊಸ ಕಟ್ಟಡಗಳು, ಲಿಫ್ಟು ಕೂರಿಸೋ ಕೆಲಸ. ವರ್ಷದ ಮೇಲೇ ಆಗುತ್ತೆ. ಸೋಮವಾರದೊಳಗೆ ಹೇಳ್ಬೇಕು."

"ಹೋಗಿ," ಅಂದಳು ಅಕ್ಕ.

"ಹೋಗಿ ಅಂತೀಯಾ?"

"ಬೇಡ ಅನ್ನೋಕೆ ನಾನ್ಯಾರು."

ಭಾವನ ದವಡೆ ಬಿಗಿಯಿತು. "ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ರೂಮು ಕೊಡ್ತಾರಂತೆ. ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಮಲಗಬಹುದು." ಅಂದವರು ನನ್ನ ಕಡೆ ನೋಡಿ, ಬೆಂಕಿ ಮುಟ್ಟಿದವರ ಹಾಗೆ ನೋಟ ತೆಗೆದರು.

"ಅಪ್ಪಾ," ಗುಬ್ಬಿ ಕೇಳಿದಳು, "ನೀನು ಹೋದ್ರೆ ನಾನು ಕಾಲು ಯಾರ ಮೇಲೆ ಹಾಕ್ಲಿ?"

ಅಕ್ಕ ಎದ್ದು ನಲ್ಲಿ ತಿರುಗಿಸಿದಳು. ತೊಳೆಯಲು ಇನ್ನೂ ಒಂದು ತಟ್ಟೆಯೂ ಬಂದಿರಲಿಲ್ಲ.

ಭಾವ ಹೋದರೆ ವಾಪಸು ಬರುವುದಿಲ್ಲ ಅಂತ ನನಗೆ ಅನಿಸಿತು. ಬರುತ್ತಾರೆ, ರಜಕ್ಕೆ ಬರುತ್ತಾರೆ, ಕೈಯಲ್ಲಿ ಗುಬ್ಬಿಗೊಂದು ಆಟದ ಸಾಮಾನು ಇರುತ್ತದೆ. ಆದರೆ ನೆಂಟರು ಬಂದ ಹಾಗೆ ಬಂದು ಹೋಗುತ್ತಾರೆ. ಆ ಸೋಮವಾರದೊಳಗೆ ಕೋಣೆ ಖಾಲಿಯಾಗಬೇಕು. ನಾನು ಬೇರೆ ಮನೆ ಹುಡುಕುತ್ತೇನೆ ಅಂದರೆ ಅಕ್ಕ ಎದೆ ಬಡಿದುಕೊಳ್ಳುತ್ತಾಳೆ. ಹಾಲ್‌ನಲ್ಲಿ ಮಲಗುತ್ತೇನೆ ಅಂದರೆ ಯಾಕೆ ಅಂತ ಕೇಳುತ್ತಾಳೆ.

ಮರುದಿನ ಸಂಜೆ ಅಡುಗೆಮನೆಯಲ್ಲಿ ಹೇಳಿದೆ. "ಅಕ್ಕಾ, ನನಗೆ ಒಳಗೆ ಒಬ್ಬಳೇ ಮಲಗೋಕೆ ಹೆದರಿಕೆ ಆಗ್ತಿದೆ."

ಅವಳು ಸ್ಟವ್ ಆರಿಸಿದಳು. "ಯಾಕೆ? ಏನಾಯ್ತು?"

"ಕನಸು. ಅವನು ಬರ್ತಾನೆ. ಬಾಗಿಲ ಹತ್ರ ನಿಂತ್ಕೊಳ್ತಾನೆ." ಸುಳ್ಳು ನಾಲಿಗೆಯ ಮೇಲೆ ಒಣಗಿತ್ತು. "ಹಾಲ್‌ನಲ್ಲಿ ಅತ್ತೆ ಪಕ್ಕ ಮಲಗ್ತೀನಿ. ಜನ ಇದ್ರೆ ಧೈರ್ಯ."

ಅಕ್ಕನ ಕಣ್ಣು ತುಂಬಿತು. ಒದ್ದೆ ಕೈಯಲ್ಲೇ ನನ್ನ ತಲೆ ಎದೆಗೊತ್ತಿಕೊಂಡಳು. "ಇಷ್ಟು ದಿನ ಒಬ್ಬಳೇ ನುಂಗ್ಕೊಂಡಿದ್ದೀಯಲ್ಲೇ. ಹಾಲ್‌ನಲ್ಲಿ ಯಾಕೆ? ಇವತ್ತಿಂದ ನಾನೇ ನಿನ್ನ ಜೊತೆ ಒಳಗೆ ಮಲಗ್ತೀನಿ."

"ಬೇಡ ಅಕ್ಕಾ."

"ಸುಮ್ನಿರು. ನೀನು ಚಿಕ್ಕೋಳಿದ್ದಾಗ ಗುಡುಗಿಗೆ ಹೆದರಿದ್ರೆ ಯಾರ ಪಕ್ಕ ಬಂದು ತೂರ್ಕೋತಿದ್ದೆ?"

ಬೇಡ ಅನ್ನಲು ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ. ಇದ್ದ ಕಾರಣ ಹೇಳುವ ಹಾಗಿರಲಿಲ್ಲ. ಅಕ್ಕ ದಿಂಬು ತಂದು ನನ್ನ ಪಕ್ಕ ಹಾಕಿಕೊಂಡು, ಮಾತ್ರೆ ನುಂಗಿ, ನನ್ನ ಮೇಲೆ ಕೈ ಹಾಕಿ ಮಲಗಿದಳು. ನೆಲದ ಹಾಸಿಗೆಯ ಒಂದು ಅಂಚಿನಲ್ಲಾದರೂ ಇದ್ದವಳನ್ನು ನಾನು ಎತ್ತಿಕೊಂಡು ಬಂದಿದ್ದೆ.

ಬೆಳಿಗ್ಗೆ, ಶನಿವಾರ, ಭಾವ ಯಾರ ಜೊತೆಗೂ ಮಾತಾಡಲಿಲ್ಲ. ಹಲ್ಲುಜ್ಜಿದರು, ಬ್ಯಾಗು ಹೆಗಲಿಗೇರಿಸಿದರು. ಹೊಸಿಲು ದಾಟುವಾಗ ತಾಯಿಗೆ ಮಾತ್ರ, "ಸೋಮವಾರ ಯಾಕೆ, ಇವತ್ತೇ ಹೇಳಿಬಿಡೋಣ ಅನಿಸ್ತಿದೆ," ಅಂದರು.

"ಸೋಮವಾರ ಅಂದಿದಾರಲ್ಲ, ಸೋಮವಾರವೇ ಹೇಳು," ಅಂದರು ಅತ್ತೆ. "ಕಂಪನಿ ಎಲ್ಲೂ ಓಡಿಹೋಗಲ್ಲ."

ಅಕ್ಕ ಆಗಲೇ ಲ್ಯಾಬಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅತ್ತೆ, ಗುಬ್ಬಿ. ಅತ್ತೆ ಮಂಚದ ಮೇಲೆ ಪೇಪರು ಹಾಸಿ ಬಟಾಣಿ ಸುಲಿಯಲು ಕೂತರು. ನನ್ನ ಮಡಿಲಿಗೂ ಒಂದು ಹಿಡಿ ಹಾಕಿದರು.

"ಏನೇ, ನಿನ್ನ ಗಂಡ ಕನಸಲ್ಲಿ ಬರ್ತಾನಂತೆ?"

"ಹೂಂ."

"ಏನು ಬಟ್ಟೆ ಹಾಕ್ಕೊಂಡಿರ್ತಾನೆ?"

ನಾನು ತಡವರಿಸಿದೆ. ಅತ್ತೆ ಒಂದು ಕಾಯಿ ಬಿಡಿಸಿ ಕಾಳು ಉದುರಿಸಿದರು.

"ನಮ್ಮೋರು ಬಂದಾಗೆಲ್ಲ ಅದೇ ನೀಲಿ ಅಂಗಿ. ಎರಡನೇ ಗುಂಡಿ ಕಿತ್ತಿರುತ್ತೆ. ಹೊಲಿದುಕೊಡೋಣ ಅಂತ ಕೈ ಹಾಕೋಷ್ಟರಲ್ಲಿ ಎಚ್ಚರ ಆಗುತ್ತೆ. ಬಂದೋರ ಬಟ್ಟೆ ಮರೆಯೋಕಾಗಲ್ಲ ಮಗಳೇ."

"ಬರಲ್ಲ ಅತ್ತೆ," ಅಂದೆ. "ಒಂದು ದಿನವೂ ಬಂದಿಲ್ಲ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಬರ್ತಾನೆ ಬಿಡು. ಅವನಿಗೇನು ಅವಸರ."

ಗುಬ್ಬಿ ಖಾಲಿ ಸಿಪ್ಪೆಗಳನ್ನು ದೋಣಿ ಮಾಡಿ ನೆಲದ ಮೇಲೆ ಸಾಲು ನಿಲ್ಲಿಸುತ್ತಿದ್ದಳು.

"ಕೋಣೆ ಬಿಟ್ಟುಕೊಡೋಕೆ ತಾನೆ ಈ ಕನಸು?"

"ನಿಮಗೆ ಗೊತ್ತಿತ್ತಾ?"

"ಮಂದ ಆಗಿರೋದು ಕಿವಿ, ಬುದ್ಧಿ ಅಲ್ಲ. ಇವರಿಬ್ಬರೂ ಹಾಲ್‌ಗೆ ಬಂದಾಗಿಂದ ನಾನು ಗೋಡೆ ಕಡೆ ತಿರುಗಿ ಗೊರಕೆ ಹೊಡೆದಿದ್ದೇ ಹೊಡೆದಿದ್ದು. ಸುಳ್ಳು ಗೊರಕೆ. ಮುದುಕಿ ಮಲಗಿದಾಳೆ, ಇನ್ನೇನು ಭಯ ಅಂದ್ಕೊಳ್ಳಿ ಅಂತ. ಆ ದಡ್ಡ ಏನು ಮಾಡಿದ ಗೊತ್ತಾ? 'ಅಮ್ಮಾ, ಉಸಿರು ಕಟ್ತಾ ಇದೆಯಾ' ಅಂತ ಎದ್ದು ಬಂದು ತಲೆ ಕೆಳಗೆ ಇನ್ನೊಂದು ದಿಂಬು ಕೊಟ್ಟ."

ನನ್ನ ಮೂಗಿನಿಂದ ಏನೋ ಸದ್ದು ಬಂತು. ನಗು ಇರಬೇಕು. ಗುಬ್ಬಿ ತಲೆಯೆತ್ತಿ ನನ್ನನ್ನು ನೋಡಿದಳು.

"ನೀವೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅತ್ತೆ."

"ಏನಂತ? ಆ ಹುಡುಗೀನ ಎಬ್ಬಿಸು ಅಂತಲಾ? ಸೊಸೆ ತಂಗೀನ ಅತ್ತೆ ಓಡಿಸಿದಳು ಅನ್ನಿಸ್ಕೊಳ್ಳೋಕಾ?" ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಈಗ ನೀನೇ ಎದ್ದಿದ್ದೀಯ. ಇನ್ನು ನನಗೆ ಬಿಡು. ನಿನಗೆ ಸುಳ್ಳು ಹೇಳೋಕೆ ಬರಲ್ಲ."

ಸಂಜೆ ಎಲ್ಲರೂ ಮನೆಯಲ್ಲಿದ್ದಾಗ ಅತ್ತೆ ಸೊಂಟ ಹಿಡಿದುಕೊಂಡು ನರಳಿದರು. ಮೊದಲ ನರಳಾಟ ಯಾರಿಗೂ ಕೇಳಿಸದಿದ್ದಾಗ ಇನ್ನೊಂದು ಜೋರಾಗಿ ನರಳಿದರು.

"ನನಗೆ ಪಕ್ಕದಲ್ಲಿ ಒಬ್ಬರು ಬೇಕಪ್ಪಾ. ಬಚ್ಚಲಿಗೆ ಏಳೋಕೂ ಭಯ. ಈ ಹುಡುಗಿ ಕೆಳಗೆ ನನ್ನ ಪಕ್ಕ ಮಲಗಲಿ. ಅವಳ ಹೆದರಿಕೆಗೆ ನಾನಾಗ್ತೀನಿ, ನನ್ನ ಸೊಂಟಕ್ಕೆ ಅವಳಾಗ್ತಾಳೆ."

"ನಾನಿದೀನಲ್ಲಮ್ಮಾ?" ಭಾವ ಅಂದರು.

"ನೀನು ಸೋಮವಾರ ಗಂಟುಮೂಟೆ ಕಟ್ಟೋ ಗಿರಾಕಿ. ನಿನ್ನ ನಂಬ್ಕೊಂಡು ಕೂತ್ರೆ ಹಾಸಿಗೆ ಒದ್ದೆ. ಗುಬ್ಬಿನೂ ನಮ್ಮ ಜೊತೆ ಇರಲಿ. ಕಾಲು ಹಾಕೋಕೆ ಚಿಕ್ಕಮ್ಮ ಇದಾಳೆ, ಈಗಿಂದಲೇ ಅಭ್ಯಾಸ ಆಗ್ಲಿ."

"ಮತ್ತೆ ನಾವು?"

ಕೇಳಿದ್ದು ಭಾವನೇ. ಕೇಳಿದ ಮೇಲೆ ಅವರ ಕಿವಿ ಕೆಂಪಾಯಿತು.

"ನೀವು ಬೀದೀಲಿ ಮಲಗಿ," ಅಂದರು ಅತ್ತೆ.

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದವಳು ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ದಿಂಬಿನ ಚೀಲ ಸರಿಮಾಡುತ್ತಿದ್ದೆ. ಅವಳು ಅಡುಗೆಮನೆಗೆ ಹೋದಳು.

ಊಟವಾದ ಮೇಲೆ ಅವರಿಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಎಂದಿನಂತೆ ಕಿರುಚಿತು. ಅತ್ತೆ ತಕ್ಷಣ ಗೊರಕೆ ಶುರುಮಾಡಿದರು.

ಭಾನುವಾರ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

"ನೀನೇನೇನೋ ಅಂದ್ಕೋಬೇಡ," ಪಿಸುಗುಟ್ಟಿದಳು. "ತಲೆ ದಿಂಬಿಗೆ ತಾಗಿದ್ದೊಂದೇ ಗೊತ್ತು. ಇಬ್ಬರೂ ಹೆಣದ ಹಾಗೆ..." ಗಕ್ಕನೆ ಬಾಯಿ ಮುಚ್ಚಿಕೊಂಡಳು.

"ಹೆಣದ ಹಾಗೆ ಮಲಗಿದ್ರಾ? ಒಳ್ಳೇದೇ ಆಯ್ತು."

ಅವಳು ನನ್ನ ಭುಜಕ್ಕೆ ಹಣೆ ಇಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಒದ್ದೆಯಾಯಿತು. "ಮಾತ್ರೆ ತಗೊಳ್ಳೋದೇ ಮರೆತೆ ಕಣೆ. ಎದ್ದು ನೋಡಿದ್ರೆ ಅವರ ಕೈ ನನ್ನ ಹೊಟ್ಟೆ ಮೇಲಿತ್ತು. ನಿದ್ದೇಲಿ ಬಂದಿರ್ಬೇಕು."

ಸೋಮವಾರದ ಮಾತನ್ನು ಭಾವ ಎತ್ತಲಿಲ್ಲ. ಹೋಗುತ್ತೇನೆ ಅನ್ನಲಿಲ್ಲ, ಹೋಗುವುದಿಲ್ಲ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಅತ್ತೆ ಚಪ್ಪಲಿ ಹುಡುಕತೊಡಗಿದರು. "ನನ್ನ ಕಾಲಿಗೆ ಬಿಸಿಲು ಬೇಕು. ನಡೀರಿ, ಪಾರ್ಕಿಗೆ ಹೋಗೋಣ."

"ಮೂರು ಮಹಡಿ ಇಳೀತೀಯಾ ಅಮ್ಮಾ? ಸೊಂಟ ನೋವು ಅಂತಿದ್ದೆ!"

"ಅದು ನಿನ್ನೆ."

ನಾನು ಗುಬ್ಬಿಯ ಬೂಟು ಕಟ್ಟಿ ಎದ್ದಾಗ ಭಾವ ಕೋಣೆಯ ಬಾಗಿಲಲ್ಲಿದ್ದರು. ಕೈಯಲ್ಲಿ ಎಣ್ಣೆಯ ಡಬ್ಬಿ, ಸ್ಕ್ರೂಡ್ರೈವರ್. ನಮ್ಮ ಕಡೆ ತಿರುಗದೆ, "ನಿಧಾನವಾಗಿ ಬನ್ನಿ. ನಾನು ಈ ಚಿಲಕ ಒಂದು ನೋಡ್ತೀನಿ," ಅಂದರು.

ಅತ್ತೆ ಒಂದೊಂದು ಮೆಟ್ಟಿಲಿಗೂ ನಿಂತು, ನನ್ನ ತೋಳನ್ನು ಹಿಂಡಿ ಹಿಡಿದು ಇಳಿದರು. ಪಾರ್ಕಿನಲ್ಲಿ ಜಾರುಬಂಡೆಯ ಎದುರಿನ ಬೆಂಚಿನ ಮೇಲೆ ಕುಸಿದು ಕೂತು ಮೊಣಕಾಲು ನೀವಿಕೊಂಡರು. ಗುಬ್ಬಿ ಜಾರಿದಳು, ಹತ್ತಿದಳು, ಜಾರಿದಳು.

"ನಿನಗೆ ಬೇಕು ಅನಿಸುತ್ತಾ?" ಅತ್ತೆ ಜಾರುಬಂಡೆ ನೋಡುತ್ತಲೇ ಕೇಳಿದರು.

ಏನು ಅಂತ ನಾನು ಕೇಳಲಿಲ್ಲ. "ಏನೂ ಅನಿಸಲ್ಲ ಅತ್ತೆ. ಹಸಿವು ಕೂಡ ಗಡಿಯಾರ ನೋಡಿದ್ರೇನೇ ಗೊತ್ತಾಗೋದು."

"ನನಗೆ ಬಹಳ ವರ್ಷ ಅನಿಸ್ತಿತ್ತು. ಅವರು ಹೋದಾಗ ಇವನು ಕಾಲೇಜಿಗೂ ಸೇರಿರಲಿಲ್ಲ. ಯಾರಿಗೆ ಹೇಳೋದು? ಹೊರೆಗಟ್ಟಲೆ ಬಟ್ಟೆ ಒಗೀತಿದ್ದೆ. ಮೈ ಸೋತು ಬಿದ್ರೆ ನಿದ್ದೆ ಬರುತ್ತೆ ಅಂತ." ಸೀನು ಬಂತು, ಸೀನಿದರು. "ನಿನಗೂ ಅನಿಸುತ್ತೆ ಒಂದು ದಿನ. ಆಗ ನಾಚ್ಕೋಬೇಡ. ಅಷ್ಟೇ ಹೇಳೋದು."

ಗುಬ್ಬಿ ಮನೆಗೆ ಹೋಗೋಣ ಅಂತ ಹಟ ಹಿಡಿದಳು. ಇನ್ನೊಂದು ಸಲ ಜಾರು ಅಂದರು ಅತ್ತೆ. ಅವಳು ಜಾರಿ ಬಂದಾಗ ಮತ್ತೆ ಇನ್ನೊಂದು ಸಲ ಅಂದರು. ಬಿಸಿಲು ನಮ್ಮ ಬೆಂಚು ಬಿಟ್ಟು ಪಕ್ಕದ ಬೆಂಚಿಗೆ ಹೋಯಿತು. ನಾವು ಎದ್ದು ಅಲ್ಲಿಗೆ ಹೋಗಿ ಕೂತೆವು.

ಮನೆಗೆ ಮರಳಿದಾಗ ಅಕ್ಕ ಬಾಗಿಲು ತೆಗೆದಳು. ತಲೆಗೂದಲು ಒದ್ದೆ, ಭುಜದ ಮೇಲೆ ಹರಡಿತ್ತು. ಅತ್ತೆಯ ಕಣ್ಣು ತಪ್ಪಿಸಿ, ಬಗ್ಗಿ ಗುಬ್ಬಿಯ ಬೂಟು ಬಿಚ್ಚತೊಡಗಿದಳು. ಕುರ್ಚಿಯ ಮೇಲೆ ಒದ್ದೆ ಟವೆಲ್ಲಿತ್ತು.

"ರೀ, ಟವೆಲ್ಲು!"

"ಬಂದೆ ಬಂದೆ. ಒಂದು ಫೋನು ಮುಗಿಸ್ತೀನಿ," ಅಡುಗೆಮನೆಯಿಂದ ಭಾವ. ಆಮೇಲೆ ಬೇರೆ ದನಿಯಲ್ಲಿ, "ಇಲ್ಲ ಸಾರ್, ಆಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಮನೇಲಿ ಅಮ್ಮನಿಗೆ ಹುಷಾರಿಲ್ಲ."

"ಏನೋ!" ಅತ್ತೆ ಹೊಸಿಲಲ್ಲೇ ಕೂಗಿದರು. "ಈಗ ತಾನೆ ಮೂರು ಮಹಡಿ ಹತ್ತಿ ಬಂದಿದೀನಿ ಕಣೋ!"

ಅಕ್ಕ ಬೂಟಿನ ಲೇಸು ಹಿಡಿದುಕೊಂಡೇ ನಕ್ಕಳು. ಎಷ್ಟೋ ತಿಂಗಳಿಂದ ಆ ನಗು ಕೇಳಿರಲಿಲ್ಲ.

ಭಾವ ಎಲ್ಲರಿಗೂ ಚಹಾ ಮಾಡುತ್ತಿದ್ದರು. ಲೋಟಗಳ ಸದ್ದು, ಚಮಚದ ಸದ್ದು. ಅದರ ಜೊತೆಗೆ ಶಿಳ್ಳೆ. ರಾಗವಿಲ್ಲದ್ದು. ತಾವು ಶಿಳ್ಳೆ ಹಾಕುತ್ತಿದ್ದೇವೆ ಅನ್ನುವುದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ಆ ಶಿಳ್ಳೆ ನಿಲ್ಲಿಸಿ ಅಂತ ಕೂಗಬೇಕು ಅನಿಸಿತು ನನಗೆ. ಅದು ಹೊಟ್ಟೆಕಿಚ್ಚು ಅಂತ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನನ್ನ ಬಟ್ಟೆ ಬೀರುವಿನಲ್ಲೇ ಇದೆ, ತಗೊಂಡು ಬರ್ತೀನಿ," ಅಂದು ಕೋಣೆಗೆ ಹೋದೆ. ಮಂಚಕ್ಕೆ ಬೇರೆ ಹೊದಿಕೆ ಹಾಸಿದ್ದರು. ಬಾಗಿಲ ಬುಡದಲ್ಲಿ ನೆಲದ ಮೇಲೆ ಎಣ್ಣೆಯ ಒಂದು ಹನಿ. ಬಾಗಿಲು ಮುಚ್ಚಿ ಹೆಗಲು ಕೊಡಲು ಹೋದೆ. ಬೇಕಾಗಲಿಲ್ಲ. ಬೆರಳು ಮುಟ್ಟಿದ್ದಕ್ಕೇ ಚಿಲಕ ಸದ್ದಿಲ್ಲದೆ ಜಾರಿ ಕೂತಿತು.

ನಾನು ಮಂಚದ ಅಂಚಿಗೆ ಕೂತೆ.

"ಆ ಹುಡುಗಿ ಎಲ್ಲಿ? ಚಹಾ ಆರುತ್ತೆ," ಹೊರಗೆ ಅತ್ತೆ ಕೇಳಿದರು.

"ಇರ್ಲಿ ಬಿಡಿ ಅತ್ತೆ," ಅಕ್ಕನ ದನಿ ಬಾಗಿಲ ಹತ್ತಿರವೇ ಇತ್ತು. "ಆಮೇಲೆ ಬಿಸಿ ಮಾಡಿಕೊಡ್ತೀನಿ."

ಶಿಳ್ಳೆ ನಿಂತಿತು. ಯಾರೂ ಬಾಗಿಲು ತಟ್ಟಲಿಲ್ಲ.